ಒಂಬತ್ತು ದಿನಕ್ಕೊಮ್ಮೆ ಉಬ್ಬಿದ ವಾಯುಮಂಡಲ

ಸೂರ್ಯನಲ್ಲಿ ಕಲೆಗಳು ಕಡಿಮೆಯಾದರೆ ಅವನು ಶಾಂತನಾದನೆಂದು ನೀವು ಓದಿರಬಹುದು. ಅದು ಅರ್ಧ ಸತ್ಯ.

ಸೂರ್ಯನ ಹೊರಕವಚವಾದ ಕರೋನಾದಲ್ಲಿ (ಕಾಯಿಲೆಗೂ ಇದಕ್ಕೂ ಹೆಸರಷ್ಟೇ ನಂಟು) ಕೆಲವೆಡೆ ಕಾಂತರೇಖೆಗಳು ಆಕಾಶದತ್ತ ತೆರೆದುಕೊಂಡಿರುತ್ತವೆ. ಅವೇ ಕರೋನಾ ರಂಧ್ರಗಳು. ಅಲ್ಲಿಂದ ಸೌರಮಾರುತ ಸೆಕೆಂಡಿಗೆ 500ರಿಂದ 800 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ. ನಮ್ಮ ಕಣ್ಣಿಗೆ ಸೂರ್ಯ ಒಮ್ಮೆ ತಿರುಗಲು ಸುಮಾರು 27 ದಿನ. ರಂಧ್ರ ಮುಚ್ಚದಿದ್ದರೆ ಅದೇ ಮಾರುತ, ತೋಟದ ಸ್ಪ್ರಿಂಕ್ಲರ್ ನೀರಿನಂತೆ, ತಿರುತಿರುಗಿ ನಮ್ಮ ಮೇಲೆ ಬೀಸುತ್ತದೆ.

2005ರಲ್ಲಿ ಇಂಥ ಮೂರು ರಂಧ್ರಗಳು ಹೆಚ್ಚುಕಡಿಮೆ ಸಮ ಅಂತರದಲ್ಲಿದ್ದವು. 27ನ್ನು ಮೂರರಿಂದ ಭಾಗಿಸಿ ನೋಡಿ! ಜರ್ಮನಿಯ ಚಾಂಪ್ ಉಪಗ್ರಹದ ಅಳತೆಯಲ್ಲಿ ಮೇಲಿನ ಗಾಳಿಯ ಸಾಂದ್ರತೆ ಸರಿಯಾಗಿ ಒಂಬತ್ತು ದಿನಕ್ಕೊಮ್ಮೆ ಏರಿಳಿದಿತ್ತು. ಮಾರುತದ ಶಕ್ತಿ ಧ್ರುವಗಳ ಬಳಿ ವಿದ್ಯುತ್ ಪ್ರವಾಹವಾಗಿ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ, ಹಾಲಿನಂತೆ, ಮೇಲಕ್ಕೆ ಉಬ್ಬುತ್ತದೆ. ಉಪಗ್ರಹಕ್ಕೆ ತಡೆ ಹೆಚ್ಚಿ ಅದು ಬೇಗ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆಂಬ ಲೆಕ್ಕ ತಪ್ಪಿದರೆ ಇನ್ನೊಂದಕ್ಕೆ ಡಿಕ್ಕಿಯಾದೀತೇ ಎಂಬ ಲೆಕ್ಕವೂ ತಪ್ಪುತ್ತದೆ.

ನಾವು ಮೇಷ್ಟ್ರುಗಳು ಮಾತ್ರ ಇನ್ನೂ ಕಲೆಗಳನ್ನೇ ಎಣಿಸಿ ಪಾಠ ಮುಗಿಸುತ್ತೇವೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1 ಹೊತ್ತೊಯ್ದ ಉಪಕರಣಗಳಲ್ಲಿ ಈ ಮಾರುತವನ್ನು ಅಳೆಯುವಂಥವೂ ಇವೆ.