ಕಣಜದ ನಾಡಿನಲ್ಲಿ ಅಡಿಗೆಯ ಮನೆ

ಕಣಜ ತುಂಬಿದ ಮನೆಯವರು ಸಾರಿಗೆ ಸೊಪ್ಪು ಬೇಕೆಂದು ದೂರದ ಪೇಟೆಗೆ ಆಳು ಕಳುಹಿಸುತ್ತಾರೆಂದರೆ ಕೇಳಿದವರು ನಕ್ಕಾರು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಡುನಾಡಾದ ಐಯೊವಾ ರಾಜ್ಯದ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದೆ. ಅಲ್ಲಿಗೆ ಓದಲು ಹೋದ ನನ್ನ ಹಳೆಯ ಶಿಷ್ಯನೊಬ್ಬ ಮೊದಲ ಕಾಗದದಲ್ಲಿ ಒಂದು ಸೋಜಿಗವನ್ನು ಬರೆದಿದ್ದ. ಗಂಟೆಗಟ್ಟಲೆ ಮುಸುಕಿನ ಜೋಳದ ಹೊಲಗಳ ನಡುವೆಯೇ ಬಸ್ಸಿನಲ್ಲಿ ಬಂದು ಇಳಿದರೆ, ಅಂಗಡಿಯಲ್ಲಿ ಕೊಂಡ ಟೊಮೇಟೊ ಮಾತ್ರ ಕ್ಯಾಲಿಫೋರ್ನಿಯದ್ದಂತೆ! ಅವನ ಆ ಬೆರಗೇ ನನ್ನನ್ನು ಈ ವಿಷಯಕ್ಕೆ ಎಳೆದುತಂದಿತು.

ಆ ಸೀಮೆಯನ್ನು ಪ್ರೇರಿ ಎನ್ನುತ್ತಾರೆ. ಅದು ಫ್ರೆಂಚರ ಮಾತು; ನಾವು ಹುಲ್ಲುಗಾವಲು ಎನ್ನಬಹುದು. ಹುಲ್ಲು, ಕಾವಲು ಎರಡೂ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಪದ. ತರಗತಿಯಲ್ಲಿ ಇದನ್ನು ಬಿಡಿಸಿ ಹೇಳುವಾಗಲೆಲ್ಲ ನನಗೆ ನಮ್ಮ ಅಮೃತಮಹಲ್ ಕಾವಲುಗಳೇ ನೆನಪಾಗುತ್ತಿದ್ದುವು. ಐಯೊವಾದ ಕಾವಲು ಬೇರೆಯ ಬಗೆಯದು. ಆಳನ್ನು ಮುಚ್ಚುವಷ್ಟು ಎತ್ತರದ ಹುಲ್ಲು, ಅಷ್ಟೇ ಆಳಕ್ಕೆ ಇಳಿದ ಬೇರು. ಆ ಬೇರುಗಳು ಸಾವಿರಾರು ವರ್ಷ ಕೊಳೆತು ಕೊಳೆತು ನೆಲ ಕಪ್ಪಾಯಿತು. 1833ರಿಂದ ಬಿಳಿಯ ರೈತರು ಬಂದು ನೆಲಸಿದರು; ಉಕ್ಕಿನ ನೇಗಿಲು ಹೂಡಿದರು; ಜೌಗು ನೆಲದಡಿ ಕೊಳವೆ ಹೂಳಿ ನೀರು ಬಸಿದರು. ಮೂಲದ ಹುಲ್ಲುಗಾವಲಿನಲ್ಲಿ ಇಂದು ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ.

ಆದರೂ ಮೊದಮೊದಲು ಆ ಹೊಲಗಳಲ್ಲಿ ಎಲ್ಲವೂ ಇತ್ತು. ಜೋಳದ ಜೊತೆಗೆ ಓಟ್ಸು, ಆಲೂಗೆಡ್ಡೆ, ಹೈನು, ಕೋಳಿ, ಮನೆಯ ಹಿಂದೆ ಹಣ್ಣಿನ ತೋಟ. ಇಂದು ಲೋಕವೆಲ್ಲ ಬಲ್ಲ 'ರೆಡ್ ಡೆಲಿಷಸ್' ಸೇಬಿನ ತವರೂ ಐಯೊವಾದ ಪೆರು ಎಂಬ ಹಳ್ಳಿಯೇ. ಜೆಸ್ಸಿ ಹಯಟ್ ಎಂಬ ರೈತ ಸಾಲು ತಪ್ಪಿ ಹುಟ್ಟಿದ ಸಸಿಯೊಂದನ್ನು ಕಡಿದು ಹಾಕಿದನಂತೆ. ಅದು ಮತ್ತೆ ಚಿಗುರಿತು. ಬದುಕುವ ಹಟವಿದ್ದರೆ ಬದುಕಿಕೊಳ್ಳಲಿ ಎಂದು ಅವನು ಬಿಟ್ಟನೆಂದು ಕತೆ. 1940ರ ನವೆಂಬರ್ 11ರಂದು ಬೀಸಿದ ಹಿಮದ ಬಿರುಗಾಳಿಗೆ ರಾಜ್ಯದ ಸೇಬಿನ ತೋಟಗಳು ಹಾಳಾದುವು. ಅಷ್ಟುಹೊತ್ತಿಗೆ ಲಾಭದ ಲೆಕ್ಕವೂ ಜೋಳದ ಕಡೆಗೆ ವಾಲಿದ್ದುದರಿಂದ, ಸತ್ತ ಮರದ ಜಾಗದಲ್ಲಿ ಮರ ನೆಡುವವರು ಕಡಿಮೆಯಾದರು. ಈಗ ನೋಡಿದರೆ ಜೋಳ, ಸೋಯಾ ಅವರೆ. ಮತ್ತೆ ಜೋಳ, ಸೋಯಾ ಅವರೆ. ಆ ಜೋಳವಾದರೂ ತಟ್ಟೆಗೆ ಬರುವಂಥದಲ್ಲ. ಅರ್ಧಕ್ಕೂ ಮೀರಿ ಮೋಟಾರಿಗೆ ಹಾಕುವ ಎಥೆನಾಲ್ ಭಟ್ಟಿಗಳಿಗೆ ಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನದು ಹಂದಿ, ಕೋಳಿ, ದನಗಳ ಮೇವು.

1980ರ ದಶಕದಲ್ಲಿ ರೈತರಿಗೆ ಕಷ್ಟಕಾಲ ಬಂತು. 1981ರಿಂದ 1986ರೊಳಗೆ ಜಮೀನಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಸಾಲಗಾರರ ಹೊಲಗಳು ಹರಾಜಿಗೆ ಬಂದುವು. ಮಕ್ಕಳಿಲ್ಲದೆ ಶಾಲೆಗಳು ಮುಚ್ಚಿದುವು. ಮೇಷ್ಟರಾದ ನನಗೆ ಆ ಕೊನೆಯ ಸಂಗತಿ ಬೇರೆಲ್ಲಕ್ಕಿಂತ ಹೆಚ್ಚಾಗಿ ನಾಟುತ್ತದೆ. 1985ರಲ್ಲಿ ರೈತರೇ ಕೂಡಿ 'ಪ್ರಾಕ್ಟಿಕಲ್ ಫಾರ್ಮರ್ಸ್ ಆಫ್ ಐಯೊವಾ' ಎಂಬ ಸಂಘ ಕಟ್ಟಿದರು. 1987ರ ಶಾಸನದ ಮೂಲಕ ಏಮ್ಸ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಲಿಯೊಪೋಲ್ಡ್ ಕೇಂದ್ರ ಹುಟ್ಟಿತು. 2001ರಲ್ಲಿ ಆ ಕೇಂದ್ರ ಪ್ರಕಟಿಸಿದ ಲೆಕ್ಕದಂತೆ ದೂರದಿಂದ ತರಿಸುವ ಕಾಯಿಪಲ್ಯೆ ಸರಾಸರಿ ಸುಮಾರು 1,500 ಮೈಲಿ ಪ್ರಯಾಣ ಮಾಡುತ್ತಿತ್ತು. ನೆರೆಯ ರೈತರಿಂದ ಕೊಂಡದ್ದು ಸುಮಾರು 45 ಮೈಲಿ.

ಇದಕ್ಕೆ ಅಲ್ಲಿನವರು ಹಿಡಿದ ಉಪಾಯಗಳಲ್ಲಿ ನನಗೆ ಮೆಚ್ಚಿಗೆಯಾದುದು ಪಾಲಿನ ಪದ್ಧತಿ. 1986ರಲ್ಲಿ ಆ ದೇಶದ ಪೂರ್ವ ಕರಾವಳಿಯ ಕಡೆ ಆರಂಭವಾಗಿ, 1990ರ ದಶಕದಲ್ಲಿ ಹುಲ್ಲುಗಾವಲಿನ ಸೀಮೆಗೂ ಬಂತು. ಬಿತ್ತನೆಗೆ ಮೊದಲೇ ಊರಿನ ಸಂಸಾರಗಳು ರೈತನಿಗೆ ಹಣ ಕೊಡುತ್ತವೆ. ಅವನು ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಬೇಸಗೆಯುದ್ದಕ್ಕೂ ವಾರಕ್ಕೊಂದು ಪೆಟ್ಟಿಗೆ ತರಕಾರಿ ಅವರ ಪಾಲಿಗೆ. ಆಲಿಕಲ್ಲು ಬಿದ್ದು ಬೆಳೆ ಹೋದರೆ ನಷ್ಟದಲ್ಲಿಯೂ ಅವರಿಗೆ ಪಾಲುಂಟು! ಪೆಟ್ಟಿಗೆಯಲ್ಲಿ ಕೇಳದ ಪದಾರ್ಥವೂ ಬರುತ್ತದೆ. ನವಿಲುಕೋಸನ್ನು ಕಂಡು ಏನು ಮಾಡಬೇಕೆಂದು ತಿಳಿಯದ ಗೃಹಿಣಿಯರಿಗಾಗಿ ಅಡಿಗೆಯ ವಿಧಾನ ಬರೆದ ಚೀಟಿಯನ್ನೂ ಇಡುವುದುಂಟು. ನಮ್ಮ ತಾಯಂದಿರು ಇದನ್ನು ಕೇಳಿ ನಕ್ಕರೆ ನಾನು ಹೊಣೆಯಲ್ಲ.

ಸೀಡರ್ ಫಾಲ್ಸ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಕಾಮ್ಯಾರ್ ಎನ್‌ಶಾಯನ್ ಎಂಬವರು 1990ರ ದಶಕದ ಕೊನೆಯಲ್ಲಿ ಇನ್ನೊಂದು ದಾರಿ ಹಿಡಿದರು. ಆಸ್ಪತ್ರೆ, ಹೋಟೆಲು, ವಿದ್ಯಾರ್ಥಿನಿಲಯಗಳ ಅಡಿಗೆಮನೆಗಳು ಹತ್ತಿರದ ರೈತರಿಂದಲೇ ಕೊಳ್ಳುವಂತೆ ಮಾಡುವುದು ಅವರ ಯತ್ನ. ಹೇಳುವುದು ಸುಲಭ. ದೊಡ್ಡ ಅಡಿಗೆಮನೆಗೆ ತೊಳೆದು ಹೆಚ್ಚಿದ ಕ್ಯಾರೆಟ್ಟು ಬೇಕು. ರೈತನ ಬಳಿ ಇರುವುದು ಮಣ್ಣು ಮೆತ್ತಿದ ಗೆಡ್ಡೆ. ಅವರಿಗೆ ಒಂದೇ ಬಿಲ್ಲು, ಒಂದೇ ಲಾರಿ ಬೇಕು. ಇಲ್ಲಿ ಹತ್ತು ರೈತರು, ಹತ್ತು ಬಿಲ್ಲು. ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಎಲ್ಲವನ್ನೂ ನೆರೆಯಲ್ಲಿಯೇ ಬೆಳೆಯಬೇಕೆಂಬ ಹಟ ನನಗೆ ಒಪ್ಪಿಗೆಯಲ್ಲ. ಮೈಲಿಗಳ ಲೆಕ್ಕವೊಂದರಿಂದಲೇ ಊಟದ ಗುಣ ತೀರ್ಮಾನವಾಗದು. ಊರಿನ ಹಣ ಊರಿನಲ್ಲಿ ಒಂದು ಸುತ್ತು ಹೆಚ್ಚು ತಿರುಗಿದರೆ ಒಂದು ಶಾಲೆಯಾದರೂ ತೆರೆದಿರಬಹುದಲ್ಲ, ನನ್ನ ಆಸೆ ಅಷ್ಟೆ. 2017ರಲ್ಲಿ ರಾಜ್ಯದ ಶಾಸನಸಭೆ ಲಿಯೊಪೋಲ್ಡ್ ಕೇಂದ್ರಕ್ಕೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ರೈತರ ಸಂಘ ಇನ್ನೂ ನಡೆಯುತ್ತಿದೆ.

ಬಿಳಿಯರಿಗೆ ಮೊದಲು ಆ ನೆಲದಲ್ಲಿದ್ದವರನ್ನು ಮರೆಯುವಂತಿಲ್ಲ. ಮೆಸ್ಕ್ವಾಕಿ ಎಂಬುವರು ಅವರಲ್ಲಿ ಒಬ್ಬರು. ಆ ಹೆಸರಿಗೆ ಕೆಂಪು ಮಣ್ಣಿನ ಜನ ಎಂದರ್ಥ. ಸರ್ಕಾರ ಅವರನ್ನು ಹೊರಗಟ್ಟಿತ್ತು. 1857ರಲ್ಲಿ ಅವರು ತಮ್ಮದೇ ಸೀಮೆಯಲ್ಲಿ 80 ಎಕರೆಯನ್ನು ಹಣ ಕೊಟ್ಟು ಕೊಂಡು ಮರಳಿದರು. ಇತ್ತೀಚಿನ ವರ್ಷಗಳಲ್ಲಿ ಟೇಮಾದ ಬಳಿಯ ಅವರ ನೆಲೆಯಲ್ಲಿ 'ರೆಡ್ ಅರ್ತ್ ಗಾರ್ಡನ್ಸ್' ಎಂಬ ತೋಟವೆದ್ದಿದೆ. ಅಲ್ಲಿ ಬೆಳೆದ ತರಕಾರಿ ಮೊದಲು ಹೋಗುವುದು ಅವರವರ ಮನೆಗಳ ಒಲೆಗೆ.