ರಾಣಿ ಕಟ್ಟಿಸಿದ ಗುಡಿಯ ಮುಂದೆ



ನಾವಿಂದು ಕಲೆತಿರುವ ಈ ದಕ್ಷಿಣೇಶ್ವರದ ಕಾಳೀಮಂದಿರವನ್ನು ಕಟ್ಟಿಸಿದಾಕೆ ರಾಣಿ ರಾಸಮಣಿ, ಶೂದ್ರಳೆನಿಸಿಕೊಂಡ ವಿಧವೆ. 1855ರ ಪ್ರತಿಷ್ಠೆಗೆ ಮುನ್ನ ಪಂಡಿತರು ಆಕೆಯ ಅನ್ನನೈವೇದ್ಯ ಸಲ್ಲದೆಂದರು. ಗುಡಿಯನ್ನು ಬ್ರಾಹ್ಮಣನೊಬ್ಬನಿಗೆ ದಾನವಿತ್ತರೆ ದೋಷವಿಲ್ಲವೆಂದು ರಾಮಕುಮಾರ ಚಟ್ಟೋಪಾಧ್ಯಾಯರು ದಾರಿ ತೋರಿದರು. ಉದಾರಿಗಳೇ ಸರಿ, ಆದರೂ ಬಿಟ್ಟುಕೊಡಬೇಕಾದವಳು ಆಕೆಯೇ.

2024ರ ಆಗಸ್ಟ್ 9ರಂದು ಇದೇ ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ, ಕೊಲೆ ನಡೆಯಿತು. 14ರ ರಾತ್ರಿ ಹೆಂಗಸರು ಬೀದಿಗಿಳಿದರು. ಸರಕಾರವೋ, ಸಾಧ್ಯವಾದಲ್ಲೆಲ್ಲ ಮಹಿಳೆಯರಿಗೆ ರಾತ್ರಿಪಾಳಿ ತಪ್ಪಿಸಿರೆಂದಿತು. ಅದನ್ನು ತಿದ್ದಿಕೊಳ್ಳುವಂತೆ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ನಗಬೇಡಿ. ಆ ವಾರ ನಾನೂ ಮಗಳಿಗೆ ರಾತ್ರಿಪಾಳಿ ಬಿಡೆಂದಿದ್ದೆ. “ಅಪ್ಪಾ, ಅಣ್ಣನಿಗೇನು ಹೇಳಿದಿರಿ?” ಎಂದಳು. ಮಗನೊಡನೆ ಆ ಮಾತನ್ನು ನಾನಿನ್ನೂ ಎತ್ತಿಲ್ಲ.