ಬಳ್ಳಿಗಾವಿಯ ಅಭಯ, ಈಸೂರಿನ ಹಕ್ಕು

(ಬಳ್ಳಿಗಾವಿಯಲ್ಲಿ ನೀಡಿದ ಉಪನ್ಯಾಸ)



ಪ್ರಜಾಪ್ರಭುತ್ವ ಪಶ್ಚಿಮದಿಂದ ಬಂದದ್ದು ಎನ್ನುವವರಿದ್ದಾರೆ. ಹನ್ನೆರಡನೆಯ ಶತಮಾನದಲ್ಲೇ ಅದು ನಮ್ಮಲ್ಲಿತ್ತು ಎನ್ನುವವರೂ ಇದ್ದಾರೆ. ಈ ಎರಡೂ ಮಾತುಗಳನ್ನು ಒರೆಗೆ ಹಚ್ಚಲು ಬಳ್ಳಿಗಾವಿಗಿಂತ ಒಳ್ಳೆಯ ಜಾಗ ಸಿಗಲಾರದು.

ಇಲ್ಲಿನ ಕೇದಾರೇಶ್ವರ ದೇವಾಲಯದ ಕೋಡಿಯ ಮಠ ಕಾಳಾಮುಖ ಶೈವರದು. ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನ ಅದನ್ನು ಬಣ್ಣಿಸುತ್ತದೆ. ವೇದ, ವ್ಯಾಕರಣಗಳ ಜೊತೆಗೆ ಬೌದ್ಧ ದರ್ಶನಕ್ಕೂ ಅಲ್ಲಿ ಸ್ಥಾನವಿತ್ತು. ಕುರುಡರು, ಕಿವುಡರು, ಅನಾಥರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ, ಸಕಲ ಜೀವಿಗಳಿಗೂ ಅಭಯ. ಶೈವ, ವೈಷ್ಣವ, ಜೈನ, ಬೌದ್ಧರೆಲ್ಲ ನೆಲೆಸಿದ್ದ ಊರು ಇದು.

ಇದು ಸಣ್ಣ ಸಂಗತಿಯಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಪೌರರೇ ಸಭೆ ಸೇರಿ ಆಳುತ್ತಿದ್ದರು. ಹೆಂಗಸರಿಗೂ ಗುಲಾಮರಿಗೂ ಮಾತ್ರ ಮತವಿರಲಿಲ್ಲ. ಕ್ರಿ.ಪೂ. 399ರಲ್ಲಿ ಅದೇ ಪೌರರ ನ್ಯಾಯಾಲಯ ಬಹುಮತದಿಂದ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಅಲ್ಲಿ ಮತವಿತ್ತು, ಭಿನ್ನವಾಗಿ ಯೋಚಿಸಿದವನಿಗೆ ಅಭಯವಿರಲಿಲ್ಲ. ಬಳ್ಳಿಗಾವಿಯಲ್ಲಿ ಅಭಯವಿತ್ತು, ಮತವಿರಲಿಲ್ಲ. ಮಠ ನಡೆದದ್ದು ಅರಸರ ದತ್ತಿಯಿಂದ. ಕೊಟ್ಟ ಕೈ ಹಿಂದೆ ಸರಿದರೆ ಕೇಳುವ ಅಧಿಕಾರ ಪ್ರಜೆಗಳಿಗಿರಲಿಲ್ಲ.

ಆ ಅಧಿಕಾರವನ್ನು ಕೇಳಿದ್ದು ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರಿನಲ್ಲಿ ಗ್ರಾಮಸ್ಥರು ತಮ್ಮ ಊರು ಸ್ವತಂತ್ರವೆಂದು ಸಾರಿ, ತಮ್ಮದೇ ಆಡಳಿತ ನಡೆಸಹೊರಟರು. ಅನಂತರದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್‌ಇನ್ಸ್‌ಪೆಕ್ಟರೂ ಹತರಾದರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಎರಡೂ ಕಡೆ ಜೀವಗಳು ಹೋದವು. ಆದರೆ ಈಸೂರು ಎತ್ತಿದ ಪ್ರಶ್ನೆ ಹೊಸದು: ನಮ್ಮನ್ನು ಆಳುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು?

ಉದಾರವಾದಿ ಪ್ರಜಾಪ್ರಭುತ್ವ ಎಂಬ ಭಾರವಾದ ಪದದ ಒಳಗಿರುವುದು ಈ ಎರಡೇ: ಬಳ್ಳಿಗಾವಿಯ ಅಭಯ, ಈಸೂರಿನ ಪ್ರಶ್ನೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಇವೆರಡನ್ನೂ ಒಂದೆಡೆ ಬರೆದಿಟ್ಟಿತು. ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಮಾತಿನ, ಧರ್ಮದ ಸ್ವಾತಂತ್ರ್ಯವನ್ನು ದೊರೆಯ ದಯೆಯಿಂದ ಬಿಡಿಸಿ ಹಕ್ಕಾಗಿಸಿತು. ಅದನ್ನು ಕಾಯಲು ನ್ಯಾಯಾಲಯವನ್ನೂ ಇಟ್ಟಿತು.

ಆದ್ದರಿಂದ ಇದು ಅವರದೋ ನಮ್ಮದೋ ಎಂಬ ಜಗಳಕ್ಕೆ ಅರ್ಥವಿಲ್ಲ. ಯಾವ ದೇಶಕ್ಕೂ ಇವೆರಡೂ ಒಟ್ಟಿಗೆ, ಸುಲಭವಾಗಿ ದಕ್ಕಲಿಲ್ಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆದುಕೊಳ್ಳುವುದು ಇಂದಿಗೂ ಸಾಧ್ಯ. ನಮ್ಮ ಗ್ರಾಮಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ ಒಬ್ಬ ಮಾತ್ರ ಬೇಡವೆಂದು ಎದ್ದು ನಿಂತರೆ, ಅವನ ಮಾತು ಮುಗಿಯುವವರೆಗೆ ನಾವು ಕೇಳುತ್ತೇವೆಯೇ? ನಮ್ಮ ಪ್ರಜಾಪ್ರಭುತ್ವವನ್ನು ಅಲ್ಲಿ ಅಳೆಯಬೇಕು.